ಬೆಳಗಾವಿಗೆ ಬಂದರೆ ಕಾರು ಲಾಡ್ಜಿನಲ್ಲೇ ಬಿಡಿ

ಮೊದಲೇ ಹೇಳಿಬಿಡುತ್ತೇನೆ, ಬೆಳಗಾವಿಯಲ್ಲಿ ಗೋಲಗುಮ್ಮಟ ಇಲ್ಲ. ದೂರದಿಂದಲೇ ಕಂಡು, ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಆಯ್ತಪ್ಪ ಊರು ನೋಡಿದ್ವಿ ಅಂದುಕೊಳ್ಳುವಂಥದ್ದು ಒಂದೂ ಇಲ್ಲ. ಹಾಗಾಗಿಯೇ ನೆಂಟರು ಬಂದಾಗ ನಮಗೆ ಪೇಚಾಟ. ಎರಡು ವರ್ಷದ ಹಿಂದೆ ಮೈಸೂರಿನಿಂದ ನನ್ನ ಷಡ್ಡಕರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ನಾನು ಹುಮ್ಮಸ್ಸಿನಲ್ಲಿ ಒಂದೇ ದಿನಕ್ಕೆ ಎಂಟು ಜಾಗ ಗುರುತು ಹಾಕಿಕೊಂಡು, ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಹೊರಟೆ. ಗಾಡಿ ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಸಂಜೆ ಅವರ ಮಗಳನ್ನು ಏನು ಇಷ್ಟವಾಯಿತು ಅಂತ ಕೇಳಿದರೆ, "ಆ ಕುಂದಾ ಅಂಗಡಿ ಅಂಕಲ್ ಒಂದೇ ನಿಮಿಷದಲ್ಲಿ ಮೂರು ಭಾಷೆ ಮಾತಾಡಿದ್ರಲ್ಲ, ಅದು" ಅಂದಳು. ಅವತ್ತಿನಿಂದ ನೆಂಟರನ್ನು ನಡೆಸಿಯೇ ಕರೆದುಕೊಂಡು ಹೋಗುತ್ತೇನೆ. ಈ ಊರು ಕಣ್ಣಿಗಿಂತ ಕಿವಿಗೆ, ಕಿವಿಗಿಂತ ನಾಲಿಗೆಗೆ ಜಾಸ್ತಿ ಸಿಗುತ್ತದೆ.

ಬರುವುದು ಸುಲಭ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಇಲ್ಲಿ ಏಳುತ್ತೀರಿ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಇದೆ. ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಇದೆ. ಯಾವಾಗ ಬರಬೇಕು ಅನ್ನುವುದನ್ನು ಮಾತ್ರ ಸ್ವಲ್ಪ ಯೋಚಿಸಿ. ಡಿಸೆಂಬರ್‌ನಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಆ ತಿಂಗಳಲ್ಲೇ ನಡೆಯುತ್ತದೆ. ಆಗ ಇಡೀ ಸರ್ಕಾರವೇ ಇಲ್ಲಿಗೆ ಬಂದು ಕೂರುತ್ತದೆ, ಲಾಡ್ಜಿನಲ್ಲಿ ರೂಮು ಕೇಳಿದರೆ ನಗುತ್ತಾರೆ. ಅಧಿವೇಶನದ ತಾರೀಖು ನೋಡಿಕೊಂಡೇ ಟಿಕೆಟ್ ಮಾಡಿಸಿ. ನವೆಂಬರ್ 1ಕ್ಕೆ ಬಂದರೆ ಚೆನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಜನಸಾಗರ ಸಿಗುತ್ತದೆ. ನೋಡಲೇಬೇಕಾದದ್ದೇ, ಆದರೆ ಅವತ್ತು ಬೇರೇನೂ ನೋಡೋಕಾಗಲ್ಲ. ಜುಲೈನಲ್ಲಿ ಮಳೆ ಸುಮ್ನೆ ಬಿಡುವುದಿಲ್ಲ. ಊರು ಮಲೆನಾಡಿನ ಸೆರಗಿನಲ್ಲೇ ಇದೆ ಅಲ್ವಾ, ಕೊಡೆ ಮರೆತು ಬಂದು ಬೈದುಕೊಳ್ಳಬೇಡಿ.

ಮೊದಲ ದಿನ ಬೆಳಿಗ್ಗೆ ಏಳಕ್ಕೆಲ್ಲ ಕೋಟೆಗೆ ಹೋಗಿ. ಇಲ್ಲಿನವರು ಕಿಲ್ಲಾ ಅನ್ನುತ್ತಾರೆ. ಕೇಂದ್ರ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು, ದಾರಿಯಲ್ಲಿ ಕಿಲ್ಲಾ ಕೆರೆಯೂ ಸಿಗುತ್ತದೆ. ಕಂದಕ ದಾಟಿ ಬಾಗಿಲ ಹತ್ತಿರ ಬಂದರೆ ಗಣಪತಿ, ದುರ್ಗಾದೇವಿ ಇಬ್ಬರ ಗುಡಿ. ಒಳಗೆ ದೊಡ್ಡ ಅರಮನೆ, ಸಿಂಹಾಸನ ಏನೂ ಇಲ್ಲ. ಮರ, ರಸ್ತೆ, ಅಲ್ಲಲ್ಲಿ ಸೇನೆಯ ಕಟ್ಟಡ. ಸೇನೆಯ ಜಾಗದಲ್ಲಿ ಮೊಬೈಲ್ ಎತ್ತಿ ಫೋಟೊ ತೆಗೆಯಲು ಹೋಗಬೇಡಿ, ಸುಮ್ನೆ ತಕರಾರು.

ನಿಧಾನವಾಗಿ ನೋಡಬೇಕಾದದ್ದು ಕಮಲ ಬಸದಿ. ಕಟ್ಟಿಸಿದ್ದು 1204ರಲ್ಲಿ, ಆಗ ಈ ಭಾಗವನ್ನು ಆಳುತ್ತಿದ್ದ ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಒಳಗೆ ಕಪ್ಪು ಕಲ್ಲಿನ ನೇಮಿನಾಥ. ಬಂದವರೆಲ್ಲ ಮೂರ್ತಿಗೆ ಕೈಮುಗಿದು ಹೊರಟುಬಿಡುತ್ತಾರೆ, ನೀವು ಹಾಗೆ ಮಾಡಬೇಡಿ. ಮಂಟಪದ ನಡುವೆ ನಿಂತು ಕತ್ತೆತ್ತಿ. ಛಾವಣಿಯಿಂದ ಕಲ್ಲಿನ ಕಮಲ ತಲೆಕೆಳಗಾಗಿ ತೂಗುತ್ತಿದೆ, 72 ದಳ. ಹಿಂದಿನ, ಇಂದಿನ, ಮುಂದಿನ ಕಾಲದ ತಲಾ 24 ತೀರ್ಥಂಕರರು, ಲೆಕ್ಕ ಸರಿಹೋಯಿತಲ್ಲ. ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬಂದಾಗ ನಾನು ಒಂದೊಂದು ದಳ ಎಣಿಸಲು ಹೋಗಿ ಮೂವತ್ತು ದಾಟುವ ಹೊತ್ತಿಗೆ ಕತ್ತು ಹಿಡಿದುಕೊಂಡು ಬಿಟ್ಟಿದ್ದೇನೆ. ನೀವು ಪ್ರಯತ್ನಿಸಿ.

ಈ ಬಸದಿಗೆ ದತ್ತಿ ಬಿಟ್ಟದ್ದನ್ನು ಹೇಳುವ ಹಳಗನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದು ಹೊಟ್ಟೆ ಉರಿಸುವ ವಿಷಯ, ಬಿಡಿ. ಆದರೆ ಅದರಲ್ಲಿ ಇರುವುದು ಕುತೂಹಲದ್ದು. ವೇಣುಗ್ರಾಮ, ಅಂದರೆ ಬಿದಿರಿನ ಊರು, ಅಂದರೆ ನಮ್ಮ ಬೆಳಗಾವಿ. ಆ ಕಾಲದಲ್ಲೇ ಇಲ್ಲಿ ಗುಜರಾತ್ ಕಡೆಯ ಲಾಟ ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಇದ್ದರು. ಎಂಟುನೂರು ವರ್ಷದ ಹಿಂದೆಯೇ ಈ ಊರಿನ ಪೇಟೆಯಲ್ಲಿ ಹಲವು ಥರದ ಮಾತು ಕೇಳಿಸುತ್ತಿತ್ತು ಅಂತಾಯಿತು. ಇದನ್ನು ತಲೆಯಲ್ಲಿ ಇಟ್ಟುಕೊಂಡು ಸಂಜೆ ಪೇಟೆಗೆ ಹೋಗಿ.

ಕೋಟೆಯೊಳಗೇ ಸಫಾ ಮಸೀದಿ. ಬಿಜಾಪುರದ ಆದಿಲ್‌ಶಾಹಿಗಳ ಸರದಾರ ಅಸದ್ ಖಾನ್ ಕಟ್ಟಿಸಿದ್ದು. ಇದರ ಎರಡು ಕಂಬಗಳ ಮೇಲೆ ನಾಗರಿ ಲಿಪಿಯಲ್ಲಿ ಕನ್ನಡ ಬರಹ ಇದೆ. ಒಂದು 1199ರ ರಟ್ಟರದು, ಇನ್ನೊಂದು 1261ರ, ದೇವಗಿರಿಯ ಸೇವುಣರ ಕಾಲದ್ದು. ಮಸೀದಿಯ ಕಂಬ, ನಾಗರಿ ಅಕ್ಷರ, ಕನ್ನಡ ಮಾತು. ಬೆಳಗಾವಿ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕಂಬ ತೋರಿಸುತ್ತೇನೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ಅಲ್ಲಿರುವವರನ್ನು ಕೇಳಿಯೇ ಒಳಗೆ ಕಾಲಿಡಿ. ಆಮೇಲೆ ರಾಮಕೃಷ್ಣ ಆಶ್ರಮ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಕೊಲ್ಲಾಪುರದಿಂದ ಬಂದು ಮೊದಲು ಒಬ್ಬ ಮರಾಠಿ ವಕೀಲರ ಮನೆಯಲ್ಲಿ, ಆಮೇಲೆ ಅರಣ್ಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಇದ್ದರು. ಮಿತ್ರರು ಬಂಗಾಳಿ. ವಕೀಲರ ಮನೆಯಲ್ಲಿ ಸ್ವಾಮೀಜಿ ಊಟದ ನಂತರ ಎಲೆ ಅಡಿಕೆ ಕೇಳಿದ್ದಕ್ಕೆ ಸನ್ಯಾಸಿಗೆ ಇದೆಲ್ಲ ಯಾಕೆ ಅಂತ ಮನೆಯವರಿಗೆ ಆಶ್ಚರ್ಯವಾಗಿತ್ತಂತೆ.

ಬಿಸಿಲು ಏರುವ ಹೊತ್ತಿಗೆ ಹೊಟ್ಟೆ ಕರೆಯುತ್ತದೆ. ದೊಡ್ಡ ಹೋಟೆಲಿಗೆ ಹೋಗಿ ಉತ್ತರ ಭಾರತದ ಊಟ ತರಿಸಿಕೊಂಡರೆ ನಾನು ಜವಾಬ್ದಾರನಲ್ಲ. ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೇಲೆ ಗಟ್ಟಿ ಮೊಸರು. ಊಟವಾದ ಮೇಲೆ ಎರಡು ತಾಸು ಮಲಗಿ. ಮಧ್ಯಾಹ್ನ ಪೇಟೆ ಸುತ್ತಿದರೆ ತಲೆನೋವು ಬಿಟ್ಟು ಏನೂ ಸಿಗಲ್ಲ.

ಸಂಜೆ ಐದರ ಮೇಲೆ ಗಣಪತ ಗಲ್ಲಿ, ಮಾರುತಿ ಗಲ್ಲಿ, ಖಡೇ ಬಜಾರ್. ನಕಾಶೆ ನೋಡಬೇಡಿ, ಸುಮ್ನೆ ಜನರ ಹಿಂದೆ ನಡೆಯಿರಿ. ಒಂದು ಅಂಗಡಿಯ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಗಿರಾಕಿ ಮರಾಠಿಯಲ್ಲಿ ರೇಟು ಕೇಳುತ್ತಾರೆ, ಅಂಗಡಿಯವರು ಅದರಲ್ಲೇ ಉತ್ತರ ಕೊಟ್ಟು, ಒಳಗಿನ ಹುಡುಗನಿಗೆ ಉರ್ದುವಿನಲ್ಲಿ ಕೂಗಿ, ಪಕ್ಕದಲ್ಲಿ ನಿಂತ ಹಳ್ಳಿಯ ಅಜ್ಜಿಗೆ "ಕುಂದರ್ರಿ ಯವ್ವಾ, ಕೊಡ್ತೇನಿ" ಅನ್ನುತ್ತಾರೆ. ಗೋವಾ ಕಡೆಯವರು ಬಂದರೆ ಕೊಂಕಣಿಯೂ ಬರುತ್ತದೆ. ಜಾಗದ ಹೆಸರುಗಳನ್ನೂ ಗಮನಿಸಿ. ಗೋವಾವೇಸ್, ಕಾಕತಿವೇಸ್. ವೇಸ್ ಅಂದರೆ ಮರಾಠಿಯಲ್ಲಿ ಊರ ಬಾಗಿಲು, ನಮ್ಮ ಅಗಸಿ. ಯಾವ ಅಗಸಿಯಿಂದ ಹೊರಟರೆ ಯಾವ ಊರು ಅಂತ ಹೆಸರಲ್ಲೇ ಹೇಳಿಟ್ಟಿದ್ದಾರೆ. ಕಾಕತಿ ಅಂದರೆ ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು, ಹತ್ತಿರದಲ್ಲೇ ಇದೆ. ಕಿರ್ಲೋಸ್ಕರ್ ರಸ್ತೆಗೆ ಬಂದರೆ ಅದಕ್ಕೂ ಒಂದು ಕಥೆ: ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲೇ, ಕಾರ್ಖಾನೆ ಎಲ್ಲ ಆಮೇಲಿನ ಮಾತು.

ತಿನ್ನುವುದರಲ್ಲಿ ಕುಂದಾ ಎಲ್ಲರಿಗೂ ಗೊತ್ತು. ಹಾಲು, ಖೋವಾ, ಸಕ್ಕರೆ ಸಣ್ಣ ಉರಿಯಲ್ಲಿ ಕೆಂಪಗಾಗುವವರೆಗೆ ಕಾಯಿಸಿದ್ದು. ಹಾಲು ಒಲೆಯ ಮೇಲಿಟ್ಟು ಮರೆತು ಹುಟ್ಟಿದ ಸಿಹಿ ಅಂತ ಕಥೆ ಹೇಳುತ್ತಾರೆ. ಒಳ್ಳೆಯ ಕುಂದಾ ನಾಲಿಗೆಗೆ ಸಣ್ಣ ಹರಳಾಗಿ ಸಿಗಬೇಕು, ಪೇಸ್ಟಿನ ಹಾಗೆ ಇದ್ದರೆ ಅಂಗಡಿ ಬದಲಿಸಿ. ಒಂದು ಚಮಚ ರುಚಿ ನೋಡಲು ಕೇಳಿ, ಕೊಡುತ್ತಾರೆ. ಮಂಡಿಗೆ ಮಾತ್ರ ಎಲ್ಲ ಕಡೆ ಸಿಗಲ್ಲ, ಮದುವೆಮನೆಯ ತಿಂಡಿ ಅದು. ಮಾಡುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಸಕ್ಕರೆಪುಡಿ ತುಂಬಿದ ಕಣಕವನ್ನು ಲಟ್ಟಿಸಿ, ಎರಡೂ ಮುಂಗೈಗಳ ಮೇಲೆ ಹಾಕಿಕೊಂಡು ತಿರುಗಿಸುತ್ತಾ ತಿರುಗಿಸುತ್ತಾ ಆಚೆಯ ಬೆರಳು ಕಾಣುವಷ್ಟು ತೆಳ್ಳಗೆ ಹಿಗ್ಗಿಸುತ್ತಾರೆ. ನಂತರ ಬೆಂಕಿಯ ಮೇಲೆ ಬೋರಲು ಹಾಕಿದ ಬಾಣಲೆಯ ಬೆನ್ನಿಗೆ ಹೊದಿಸಿ, ಬಿಸಿ ಆರುವ ಮೊದಲೇ ಕರವಸ್ತ್ರದ ಹಾಗೆ ಮಡಚಿಡುತ್ತಾರೆ. ಅರ್ಧ ನಿಮಿಷ ತಡವಾದರೆ ಮಡಚಲು ಬರಲ್ಲ, ಪುಡಿಯಾಗುತ್ತದೆ. ಮನಸ್ಸಿನಲ್ಲೇ ಮಂಡಿಗೆ ತಿನ್ನುವವರು ಒಮ್ಮೆ ನಿಜವಾದದ್ದನ್ನೂ ತಿಂದು ನೋಡಿ.

ಎರಡನೇ ದಿನಕ್ಕೆ ಆಟೊ ಬೇಕು. ರೇಟು ಮೊದಲೇ ಮಾತಾಡಿಕೊಳ್ಳಿ. ಬೆಳಿಗ್ಗೆ ಕ್ಯಾಂಪ್. ಬ್ರಿಟಿಷರ ಕಾಲದ ದಂಡಿನ ಪ್ರದೇಶ, ಈಗ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಈ ಊರಿನಲ್ಲೇ ಇದೆ. ಅಗಲ ರಸ್ತೆ, ಹಳೇ ಮರ, ಕಲ್ಲಿನ ಸೇಂಟ್ ಮೇರಿಸ್ ಚರ್ಚ್, ಸೇನೆಯವರೇ ನೋಡಿಕೊಳ್ಳುವ ಮಿಲಿಟರಿ ಮಹಾದೇವ ಗುಡಿ. ಮಕ್ಕಳಿದ್ದರೆ ಅಲ್ಲಿಯ ತೋಟದಲ್ಲಿ ಒಂದು ತಾಸು ಆರಾಮಾಗಿ ಹೋಗುತ್ತದೆ.

ಅಲ್ಲಿಂದ ಟಿಳಕವಾಡಿ. ಆಟೊದವರಿಗೆ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಅಂತಲೇ ಹೇಳಬೇಕು, ರೈಲ್ವೆ ಗೇಟುಗಳೇ ಇಲ್ಲಿ ವಿಳಾಸ. ನೀವು ಹೇಳಬೇಕಾದದ್ದು ಕಾಂಗ್ರೆಸ್ ಬಾವಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಅಧಿವೇಶನದ ಜಾಗಕ್ಕೆ ವಿಜಯನಗರ ಅಂತ ಹೆಸರಿಟ್ಟಿದ್ದರು, ಬಂದವರಿಗೆ ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಅಂತ. ಇಲ್ಲಿನ ಕಾಂಗ್ರೆಸ್ ನಾಯಕ ಗಂಗಾಧರರಾವ್ ದೇಶಪಾಂಡೆ ಅವರ ಓಡಾಟದಿಂದ ಆದ ಕೆಲಸ ಅದು. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡು ಮೊಳಗಿದ್ದೂ, ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಸ್ವಾಗತ ಗೀತೆ ಹಾಡಿದ್ದೂ ಅದೇ ಅಧಿವೇಶನದಲ್ಲಿ. ಪಕ್ಕದಲ್ಲೇ ಆ ಅಧಿವೇಶನದ ನೆನಪಿನ ವೀರಸೌಧ ಇದೆ, ಅದಕ್ಕೆ ಅರ್ಧ ತಾಸು ಸಾಕು. ಬಾವಿಯ ಹತ್ತಿರ ಮಾತ್ರ ಸ್ವಲ್ಪ ನಿಲ್ಲಿ.

ರೈಲು ಹಳಿ ದಾಟಿದರೆ ದಕ್ಷಿಣ ಕಾಶಿ ಅಂತ ಕರೆಸಿಕೊಳ್ಳುವ ಕಪಿಲೇಶ್ವರ ಗುಡಿ, ಮುಂದೆ ಶಹಾಪುರ. ಶಹಾಪುರ ಸ್ವಾತಂತ್ರ್ಯ ಬರುವವರೆಗೂ ಸಾಂಗ್ಲಿ ಸಂಸ್ಥಾನದ ಊರು. ಅಂದರೆ ಹಳಿಯ ಆ ಕಡೆ ಬ್ರಿಟಿಷರು, ಈ ಕಡೆ ರಾಜರು. ಹಳೇ ಜನ ಈಗಲೂ ಶಹಾಪುರವನ್ನು ಬೇರೆ ಊರು ಅನ್ನುವ ಧಾಟಿಯಲ್ಲೇ ಮಾತಾಡುತ್ತಾರೆ. ಶಹಾಪುರ, ಖಾಸಬಾಗ, ವಡಗಾವಿ ನೇಕಾರರ ಓಣಿಗಳು. ಗಲ್ಲಿಯಲ್ಲಿ ನಡೆದರೆ ಮನೆಯೊಳಗಿಂದ ಮಗ್ಗದ ಖಟಖಟ ಕೇಳಿಸುತ್ತದೆ. ಸೀರೆ ಕೊಳ್ಳುವುದಿದ್ದರೆ ಇಲ್ಲೇ ಕೊಳ್ಳಿ, ಚೌಕಾಸಿ ಮಾಡಿ, ಆದರೆ ನೇಯ್ದವರ ಮುಂದೆಯೇ ಅರ್ಧ ಬೆಲೆಗೆ ಕೇಳಬೇಡಿ.

ಭಾಷೆಯ ಬಗ್ಗೆ ಹೊರಗಿನವರಿಗೆ ಒಂದು ಅಳುಕು ಇರುತ್ತದೆ, ಗಡಿ ಜಗಳದ ಸುದ್ದಿ ಟಿವಿಯಲ್ಲಿ ನೋಡಿ ನೋಡಿ. ನೀವು ಕನ್ನಡದಲ್ಲೇ ಶುರು ಮಾಡಿ. ಎದುರಿನವರಿಗೆ ಬಾರದಿದ್ದರೆ ಅವರೇ ಹಿಂದಿಗೋ ಮರಾಠಿ ಬೆರೆತ ಕನ್ನಡಕ್ಕೋ ಹೊರಳುತ್ತಾರೆ. ಮಾತಿನ ಕೊನೆಗೆ ಒಂದು 'ರೀ' ಸೇರಿಸಿ, ಹಿರಿಯರಿಗೆ ಕಾಕಾ, ಹೆಂಗಸರಿಗೆ ಅಕ್ಕಾರ ಅನ್ನಿ, ಅರ್ಧ ಕೆಲಸ ಆದಂತೆ. ಚಹಾ ಅಂಗಡಿಯಲ್ಲಿ ಕೂತು ಬೆಳಗಾವಿ ಯಾರದು ಅನ್ನುವ ಚರ್ಚೆ ಮಾತ್ರ ಎತ್ತಬೇಡಿ. ಚಹಾ ಆರಿಹೋಗುತ್ತದೆ.

ಸುವರ್ಣ ವಿಧಾನಸೌಧಕ್ಕೆ ಬೇರೆ ಸಮಯ ಇಡಬೇಕಿಲ್ಲ. 2012ರ ಅಕ್ಟೋಬರ್ 11ಕ್ಕೆ ಉದ್ಘಾಟನೆಯಾದ ಕಟ್ಟಡ, ಹುಬ್ಬಳ್ಳಿ ಕಡೆಯ ಹೆದ್ದಾರಿಯಲ್ಲೇ ಗುಡ್ಡದ ಮೇಲೆ ಕಾಣುತ್ತದೆ, ಹೋಗುವಾಗ ನೋಡಿಕೊಂಡು ಹೋಗಿ. ಮೂರನೇ ದಿನ ಇದ್ದು, ಮಳೆಗಾಲವೂ ಆಗಿದ್ದರೆ, ಲಾಡ್ಜಿನಲ್ಲಿ ಬಿಟ್ಟ ಕಾರು ಆಗ ತೆಗೆಯಿರಿ. ಗೋಕಾಕ ಜಲಪಾತ ಸುಮಾರು 60 ಕಿಲೋಮೀಟರ್. ಘಟಪ್ರಭಾ ನದಿ 52 ಮೀಟರ್ ಕೆಳಗೆ ಕೆಂಪಗೆ ಧುಮುಕುತ್ತದೆ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ. ಆಗ ಖಾನಾಪುರದ ಆಚೆ ಹಲಸಿಗೆ ಹೋಗಿ, ಕದಂಬರ ಕಾಲದ ಊರು, ಭೂವರಾಹ ನರಸಿಂಹ ಗುಡಿ ಇದೆ, ಗದ್ದಲ ಇಲ್ಲ. ಗೋಕಾಕಕ್ಕೆ ಹೋದವರು ಕರದಂಟು ತರದೆ ವಾಪಸ್ ಬಂದರೆ ಮನೆಯಲ್ಲಿ ಸೇರಿಸಲ್ಲ.

ಕುಂದಾ ಮಾತ್ರ ರೈಲು ಹತ್ತುವ ದಿನವೇ ಕೊಳ್ಳಿ, ಬಂದ ದಿನ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಬೇಡಿ. ನಮ್ಮ ಷಡ್ಡಕರು ಎರಡು ಕಿಲೋ ಕೊಂಡು ಮೈಸೂರು ಮುಟ್ಟುವಷ್ಟರಲ್ಲಿ ಅರ್ಧ ಕಿಲೋ ಮಾಡಿದ್ದರು. ದಾವಣಗೆರೆ ದಾಟುವವರೆಗೂ ಡಬ್ಬಿಯ ಮುಚ್ಚಳ ಹಾಕಲೇ ಇಲ್ಲವಂತೆ.