ತೋಟದ ಮಳೆಯನ್ನು ಲೆಕ್ಕಕ್ಕೆ ಹತ್ತಿಸುವುದು ಹೇಗೆ

ನಮ್ಮದು ಕೊಪ್ಪ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಅಡಿಕೆ, ಮೇಲಿನ ಗುಡ್ಡದಲ್ಲಿ ಸ್ವಲ್ಪ ಕಾಫಿ. ನಾನು ಓದಿದ್ದು ಬಿ.ಕಾಂ. ಬೆಸುಗೆ ಹಾಕಲು ಕಲಿತದ್ದು ಮಗಳ ಜೊತೆ ಅಡುಗೆಮನೆ ಮೇಜಿನ ಮೇಲೆ. ರಾಶಿ ರಾಶಿ ಅಂಕಿ ಜಾಲಾಡುವ ಬಿಗ್ ಡೇಟಾ, ಸಾಧನಗಳೇ ನೆಟ್ಟಿನಲ್ಲಿ ಅಂಕಿ ಕಳಿಸುವ ಐಒಟಿ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡದವರ ಕೆಲಸ ಅಂತಲೇ ನಾನೂ ತಿಳಿದಿದ್ದೆ. ಮೂರು ಮಳೆಗಾಲ ಕಳೆದ ಮೇಲೆ ಗೊತ್ತಾಗಿದ್ದು ಬೇರೆ. ಸಾಧನ ಕೂರಿಸುವುದು ಒಂದು ಭಾನುವಾರದ ಕೆಲಸ. ಅದು ಕಳಿಸುವ ಅಂಕಿಯನ್ನು ಬೇರೆಯವರ ಅಂಕಿಯ ಪಕ್ಕ ಇಟ್ಟು ನೋಡುವ ಹಾಗೆ ಮಾಡುವುದಕ್ಕೇ ಸಮಯ ಹಿಡಿಯುತ್ತದೆ.

ನಮಗೆ ಇದು ಬೇಕಾದದ್ದು ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ. ಅದಕ್ಕೆ ತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಯಲು ಹೊಳವು, ಅಂದರೆ ಮಳೆಯ ನಡುವಿನ ಬಿಡುವು, ಬೇಕು. ಹೊಡೆದು ಮುಗಿಸುವಷ್ಟರಲ್ಲಿ ಮಳೆ ಬಂದರೆ ತುತ್ತವೂ ಹೋಯಿತು, ಕೂಲಿಯೂ ಹೋಯಿತು. ಕೊಳೆ ತರುವ ಫೈಟಾಫ್ತೊರಾ ಅನ್ನುವ ಬೂಷ್ಟಿನಂಥ ಸೂಕ್ಷ್ಮಜೀವಿಗೆ 20ರಿಂದ 23 ಡಿಗ್ರಿ ತಂಪು, ಶೇಕಡ 90ಕ್ಕಿಂತ ಜಾಸ್ತಿ ತೇವಾಂಶ, ಬಿಡದೆ ಸುರಿಯುವ ಮಳೆ ಇದ್ದರೆ ಹಬ್ಬ. ಹಾಗಾಗಿ ನಾವು ಅಳೆಯುವುದು ಮೂರೇ: ಮಳೆ, ತೇವಾಂಶ, ಉಷ್ಣಾಂಶ. ನೀವೂ ಶುರುವಿನಲ್ಲಿ ಇಷ್ಟಕ್ಕೇ ನಿಲ್ಲಿಸಿ. ಮಣ್ಣಿನ ಪಿಎಚ್, ಎಲೆಯ ಹಸಿ ಅಂತ ಎಲ್ಲಕ್ಕೂ ಸೆನ್ಸರ್ ಹಾಕಿದವರು ಆರು ತಿಂಗಳಲ್ಲಿ ಒಂದನ್ನೂ ನೋಡದೆ ಬಿಟ್ಟಿದ್ದನ್ನು ಕಂಡಿದ್ದೇನೆ.

ಬಟ್ಟಲು

ಮಳೆಗೆ ಬೇಕಾದದ್ದು ಟಿಪ್ಪಿಂಗ್ ಬಕೆಟ್ ಅನ್ನುವ ಮಾಪಕ. ಒಳಗೆ ಪುಟ್ಟ ಜೋಡಿ ಬಟ್ಟಲು, ಏತದ ಹಾಗೆ. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಮಗುಚಿಗೂ ಒಂದು ಅಯಸ್ಕಾಂತ, ಅದು ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್ಚಿನ ಮುಂದೆ ಹಾದು ಹೋಗುತ್ತದೆ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅದನ್ನು ಎಣಿಸುತ್ತದೆ. ನನ್ನ ಬಟ್ಟಲಿಗೆ ಒಂದು ಮಗುಚು ಅಂದರೆ 0.2794 ಮಿ.ಮೀ. ವಿಚಿತ್ರ ಅಂಕಿ ಅನಿಸುತ್ತದೆ ಅಲ್ವಾ? ಇಂಚಿನಲ್ಲಿ ನೋಡಿ: 0.011 ಇಂಚು. ಇಂಚಿನ ನೂರನೇ ಒಂದು ಪಾಲಿಗೆ ಸೆಂಟು ಅನ್ನುವ ಮಲೆನಾಡಿನ ಲೆಕ್ಕದಲ್ಲಿ ಒಂದು ಸೆಂಟು ಚಿಲ್ಲರೆ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಬೇಡಿ, ನೀವೇ ಒಮ್ಮೆ ಪರೀಕ್ಷೆ ಮಾಡಿ. ನಾನು ಹಳೆಯ ಗ್ಲೂಕೋಸ್ ಬಾಟಲಿಯಲ್ಲಿ 550 ಮಿ.ಲೀ. ನೀರು ತುಂಬಿ, ಡ್ರಿಪ್ ನಳಿಗೆಯ ಚಕ್ರ ತಿರುಗಿಸಿ, ನಿಧಾನಕ್ಕೆ ಬಟ್ಟಲಿಗೆ ಬಿಟ್ಟೆ. ನನ್ನ ಮಾಪಕದ ಬಾಯಿ 55 ಚದರ ಸೆಂ.ಮೀ. ಅಂದರೆ ಅಷ್ಟು ನೀರು 100 ಮಿ.ಮೀ. ಮಳೆಗೆ ಸಮ. 358 ಸಲ ಮಗುಚಬೇಕಿತ್ತು. ಮಗುಚಿದ್ದು 341 ಸಲ. ಹಾಗಾಗಿ ನಮ್ಮ ಲೆಕ್ಕವನ್ನು 1.05ರಿಂದ ಗುಣಿಸುತ್ತೇವೆ. ಜಡಿಮಳೆಯಲ್ಲಿ ಬಟ್ಟಲು ಮಗುಚುವ ಹೊತ್ತಿಗೇ ಒಂದಿಷ್ಟು ನೀರು ಲೆಕ್ಕ ತಪ್ಪಿಸಿ ಹೋಗುತ್ತದೆ. ಅದು ಎಲ್ಲ ಬಟ್ಟಲುಗಳ ಹಣೆಬರಹ.

ಮೊದಲ ವಾರ ಒಂದೇ ದಿನ 11 ಇಂಚು ತೋರಿಸಿತು. ಅತ್ತೆ ಅಂಗಳಕ್ಕೆ ಇಳಿದು ನೋಡಿ ನಕ್ಕರು. ಸ್ವಿಚ್ ಒಂದು ಸಲ ಕೂಡುವಾಗ ಎರಡು ಮೂರು ಸಲ ನಡುಗುತ್ತದೆ, ಬೋರ್ಡ್ ಅಷ್ಟನ್ನೂ ಎಣಿಸುತ್ತದೆ. ಒಂದು ಎಣಿಕೆಯಾದ ಮೇಲೆ 100 ಮಿಲಿಸೆಕೆಂಡ್ ಬಂದದ್ದನ್ನೆಲ್ಲ ಬಿಟ್ಟುಬಿಡು ಅಂತ ಕೋಡಿನಲ್ಲಿ ಒಂದು ಸಾಲು ಸೇರಿಸಿದೆವು. ಸರಿಹೋಯಿತು.

ತೇವಾಂಶಕ್ಕೆ ಡಿಎಚ್‌ಟಿ22 ಸೆನ್ಸರ್ ಅಗ್ಗ, ಆದರೆ ನಮ್ಮ ಜುಲೈ ತಿಂಗಳಿಗೆ ಅದು ತಾಳಲಿಲ್ಲ. 99.9ಕ್ಕೆ ಹೋಗಿ ಕೂತದ್ದು ಇಳಿಯಲೇ ಇಲ್ಲ. ಎಸ್‌ಎಚ್‌ಟಿ31 ಹಾಕಿ, ಮೇಲೆ ಬಿಳಿ ತಟ್ಟೆಗಳ ಗೂಡು ಮಾಡಿ. ನಾವು ಹೂಕುಂಡದ ಪ್ಲಾಸ್ಟಿಕ್ ತಟ್ಟೆ ಬೋರಲು ಹಾಕಿ ಜೋಡಿಸಿದ್ದೇವೆ.

ತೋಟದಿಂದ ಮನೆಗೆ

ತೋಟಕ್ಕೆ ವೈಫೈ ಬರುವುದಿಲ್ಲ, ಮೊಬೈಲ್ ಸಿಗ್ನಲ್ ಗುಡ್ಡ ಹತ್ತಿದರೆ ಉಂಟು. ಅದಕ್ಕೇ ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ಲೋರಾ ರೇಡಿಯೊ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ. ಕೊಳ್ಳುವಾಗ 433 ಅಥವಾ 915ರ ಮಾಡ್ಯೂಲ್ ಕೈಗೆ ಕೊಟ್ಟಾರು, ನೋಡಿ ತಗೊಳ್ಳಿ. ಲೋರಾ ನಿಧಾನ, ಫೋಟೊ ಕಳಿಸಲು ಆಗದು. ನಾಲ್ಕಾರು ಅಂಕಿಗೆ ಧಾರಾಳ ಸಾಕು. ನಮ್ಮ ತೋಟದ ತಗ್ಗಿನಿಂದ ಮನೆಗೆ ಸುಮಾರು 400 ಮೀಟರ್. ಮಧ್ಯೆ ಒದ್ದೆ ಅಡಿಕೆ ಮರಗಳು. ಆಂಟೆನಾವನ್ನು ಜಗಲಿಯಿಂದ ಮಾಡಿನ ತುದಿಗೆ ಏರಿಸಿದ ಮೇಲೆ ಸಂದೇಶ ತಪ್ಪುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. ಶುರುವಿನಲ್ಲಿ ಪ್ರತಿ 15 ನಿಮಿಷಕ್ಕೆ ‘ಈ ಕಾಲು ಗಂಟೆಯಲ್ಲಿ 12 ಮಗುಚು’ ಅಂತ ಕಳಿಸಿ, ಎಣಿಕೆ ಸೊನ್ನೆ ಮಾಡುತ್ತಿದ್ದೆವು. ಒಂದು ಸಂದೇಶ ಗಾಳಿಯಲ್ಲಿ ಕಳೆದರೆ ಆ 12 ಮಗುಚು ಕಳೆದೇ ಹೋಯಿತು. ಮನೆಯ ಕರೆಂಟ್ ಮೀಟರ್ ನೋಡಿ. ತಿಂಗಳಿಗೊಮ್ಮೆ ಬಂದು ಓದುವವರು ಅದನ್ನು ಸೊನ್ನೆ ಮಾಡಿ ಹೋಗುವುದಿಲ್ಲ. ಒಂದು ತಿಂಗಳು ಬರದಿದ್ದರೂ ಮುಂದಿನ ತಿಂಗಳು ಕಳೆದರೆ ಲೆಕ್ಕ ಸಿಗುತ್ತದೆ. ಹಾಗೇ ನೀವೂ ಒಟ್ಟು ಎಣಿಕೆಯನ್ನೇ ಕಳಿಸಿ: 40,112, ಆಮೇಲೆ 40,124. ನಡುವೆ ನಾಲ್ಕು ಸಂದೇಶ ಬಿದ್ದುಹೋದರೂ ಒಂದು ಹನಿ ಲೆಕ್ಕ ತಪ್ಪುವುದಿಲ್ಲ. ಎಣಿಕೆಯನ್ನು ಆಗಾಗ ಬೋರ್ಡಿನ ಫ್ಲ್ಯಾಶ್ ಮೆಮೊರಿಗೂ ಬರೆಸಿ, ಬ್ಯಾಟರಿ ಸತ್ತರೆ ಇರಲಿ.

ಮನೆಯಲ್ಲಿ ಇನ್ನೊಂದು ಇಎಸ್‌ಪಿ32 ಈ ಸಂದೇಶ ಹಿಡಿದು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೆ ಕೊಡುತ್ತದೆ. ಪೈ ಒಳಗೆ ಮೂರು ಉಚಿತ ಸಾಫ್ಟ್‌ವೇರ್: ಎಂಕ್ಯೂಟಿಟಿ ಸಂದೇಶ ಹಂಚುವ ಮಸ್ಕಿಟೊ, ಸಮಯದ ಜೊತೆ ಅಂಕಿ ಕೂಡಿಡುವ ಇನ್‌ಫ್ಲಕ್ಸ್‌ಡಿಬಿ, ಗ್ರಾಫ್ ಬಿಡಿಸುವ ಗ್ರಫಾನಾ. ಎಂಕ್ಯೂಟಿಟಿಯನ್ನು ಹಾಲಿನ ಡೇರಿ ಅಂದುಕೊಳ್ಳಿ. ಹಾಕುವವರು ಹಾಕುತ್ತಾರೆ, ಬೇಕಾದವರು ಒಯ್ಯುತ್ತಾರೆ, ಒಬ್ಬರಿಗೊಬ್ಬರು ಮುಖ ನೋಡಬೇಕಿಲ್ಲ. ಹೇಗೆ ಇನ್‌ಸ್ಟಾಲ್ ಮಾಡುವುದು ಅಂತ ಹುಡುಕಿದರೆ ನೂರು ವಿಡಿಯೊ ಸಿಗುತ್ತವೆ, ನಾನು ಅದನ್ನು ಬರೆಯುವುದಿಲ್ಲ.

ಒಂದು ಮಾತ್ರ ಯಾವ ವಿಡಿಯೊದಲ್ಲೂ ನನಗೆ ಸಿಕ್ಕಿರಲಿಲ್ಲ. ಸಮಯವನ್ನು ಎಲ್ಲಿ ಹಾಕುತ್ತೀರಿ? ಸಂದೇಶ ಮನೆಗೆ ಮುಟ್ಟಿದಾಗ ಪೈ ಹಾಕುವುದು ಸುಲಭ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ. ಅಷ್ಟೂ ದಿನದ ಮಳೆ ಕರೆಂಟ್ ಬಂದ ಕಾಲು ಗಂಟೆಯಲ್ಲಿ ಸುರಿದ ಹಾಗೆ ಗ್ರಾಫಿನಲ್ಲಿ ಕಂಬ ಎದ್ದು ನಿಲ್ಲುತ್ತದೆ. ತೋಟದ ಬೋರ್ಡಿಗೇ ಡಿಎಸ್3231 ಅನ್ನುವ ಗಡಿಯಾರದ ಚಿಪ್ ಹಾಕಿ. ನಾಣ್ಯದಂಥ ಸೆಲ್ ಮೇಲೆ ವರ್ಷಗಟ್ಟಲೆ ನಡೆಯುತ್ತದೆ. ಸಮಯ ಅಲ್ಲೇ ಬೀಳಲಿ. ಕಳಿಸಲಾಗದ್ದನ್ನು ಬೋರ್ಡ್ ಕೂಡಿಟ್ಟು ಆಮೇಲೆ ಕಳಿಸಲಿ.

ಇದರಲ್ಲಿ ‘ಬಿಗ್’ ಎಲ್ಲಿದೆ?

ನಮ್ಮ ತೋಟದ ಡೇಟಾ ದೊಡ್ಡದಲ್ಲ. ಕಾಲು ಗಂಟೆಗೊಂದು ಸಾಲು, ದಿನಕ್ಕೆ 96, ವರ್ಷಕ್ಕೆ 35,040. ಇಡೀ ವರ್ಷದ್ದು ಸೇರಿದರೂ ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ ತಿನ್ನುವುದಿಲ್ಲ. ದೊಡ್ಡದು ಅಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಬರ ನೋಡಲು 1988ರಲ್ಲಿ ಶುರುವಾದ ಘಟಕ ಅದು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6 ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಯಲಹಂಕದ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅಲ್ಲಿರುವುದೂ ಇಂಥದೇ ಮಗುಚುವ ಬಟ್ಟಲು, ಪಕ್ಕದಲ್ಲೊಂದು ಸೋಲಾರ್ ಫಲಕ. 6 ಸಾವಿರವನ್ನು 96ರಿಂದ ಗುಣಿಸಿ: ದಿನಕ್ಕೆ 5,76,000 ಸಾಲು. ವರ್ಷಕ್ಕೆ 21 ಕೋಟಿ. ಅದರ ಮೇಲೆ ಉಪಗ್ರಹದ ಚಿತ್ರ, ಹವಾಮಾನ ಇಲಾಖೆಯ ಮುನ್ಸೂಚನೆ. ಇಲಾಖೆ 2025ರ ಮೇ ತಿಂಗಳಲ್ಲಿ ಶುರು ಮಾಡಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ದೇಶವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ. 6 ಕಿ.ಮೀ. ಚೌಕ ಅಂದರೆ ನಮ್ಮ ಕಡೆ ಎರಡು ಗುಡ್ಡ, ಒಂದು ಹಳ್ಳ, ಮೂರು ಬಗೆಯ ಮಳೆ. ಆ ಚೌಕದೊಳಗೆ ನಮ್ಮ ತೋಟದ ಕಥೆ ಏನು ಅನ್ನುವುದಕ್ಕೆ ನಮ್ಮ ಬಟ್ಟಲು ಬೇಕು. ನಮ್ಮ ಬಟ್ಟಲು ಸರಿಯಾಗಿದೆಯಾ ಅನ್ನುವುದಕ್ಕೆ ಆ ದೊಡ್ಡ ಲೆಕ್ಕ ಬೇಕು.

ಇದು ನನಗೆ ತಲೆಗೆ ಹೋದದ್ದು ಹೋದ ವರ್ಷದ ಜುಲೈನಲ್ಲಿ. ಎರಡು ದಿನ ಗ್ರಾಫ್ ಚಪ್ಪಟೆ, ಮಳೆ ಸೊನ್ನೆ. ನಾನು ಮಗಳನ್ನು ಬಿಡಲು ಶಿವಮೊಗ್ಗಕ್ಕೆ ಹೋಗಿದ್ದೆ, ಫೋನಿನಲ್ಲಿ ನೋಡಿ ‘ಆಹಾ, ಹೊಳವು’ ಅಂದುಕೊಂಡೆ. ಔಷಧಿ ಹೊಡೆಯುವವರಿಗೂ ಹೇಳಿಬಿಟ್ಟೆ. ಆಮೇಲೆ ಸುಮ್ನೆ ಪಂಚಾಯಿತಿ ಮಾಪಕದ ಅಂಕಿ ತೆಗೆದರೆ 132 ಮಿ.ಮೀ.! ಮನೆಗೆ ಫೋನ್ ಮಾಡಿದರೆ ಮಳೆಯ ಸದ್ದಿಗೆ ಮಾತೇ ಕೇಳುತ್ತಿಲ್ಲ. ಬಂದು ನೋಡಿದರೆ ಆಲಿಕೆಯ ಕತ್ತಿಗೆ ಸಿಲ್ವರ್ ಓಕ್ ಎಲೆ ಅಡ್ಡ ಬಿದ್ದಿದೆ, ಒಳಗೆ ಕುಂಬಾರ ಹುಳ ಬಟ್ಟಲಿಗೂ ಗೋಡೆಗೂ ಸೇರಿಸಿ ಮಣ್ಣಿನ ಗೂಡು ಕಟ್ಟಿದೆ. ಬ್ಯಾಟರಿ ಭರ್ತಿ, ಸಿಗ್ನಲ್ ಚೆನ್ನಾಗಿದೆ, ಸಂದೇಶ ಕಾಲು ಗಂಟೆಗೊಂದು ತಪ್ಪದೆ ಬಂದಿದೆ. ಎಣಿಸಲು ಮಾತ್ರ ಏನೂ ಇರಲಿಲ್ಲ.

ಆಗಿನಿಂದ ಪೈನಲ್ಲಿ ಒಂದು ನಿಯಮ ಇದೆ. ದಿನಾ ಬೆಳಿಗ್ಗೆ ಸುತ್ತಲಿನ ಮೂರು ಪಂಚಾಯಿತಿಗಳ ಅಂಕಿಯನ್ನು ನಾನು ಒಂದು ಶೀಟಿಗೆ ಹಾಕುತ್ತೇನೆ. ಮೂರರಲ್ಲೂ 20 ಮಿ.ಮೀ.ಗಿಂತ ಜಾಸ್ತಿ ಇದ್ದು ನಮ್ಮದು ಸೊನ್ನೆಯಾದರೆ ಫೋನ್ ಕೂಗುತ್ತದೆ. ಈ ನಿಯಮವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಇಟ್ಟಿದ್ದೇನೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಇದು ಹೊಂದುವುದಿಲ್ಲ. ಆಗ ರಸ್ತೆಯ ಆಚೆ ಬದಿ ನೀರು ಹರಿದರೂ ಈಚೆ ಧೂಳು ಏಳುತ್ತಿರುತ್ತದೆ.

ಮಾವನ ಡೈರಿ

ಮಾವ 1978ರಿಂದ ಮಳೆ ಬರೆದಿಟ್ಟಿದ್ದಾರೆ. ಪ್ಲಾಂಟರುಗಳ ಮನೆಯಲ್ಲಿ ಇದು ಹೊಸದಲ್ಲ, ನಿಮ್ಮ ಅಟ್ಟದಲ್ಲೂ ಇರಬಹುದು, ಹುಡುಕಿ. ಹೊಸ ಸೆನ್ಸರಿಗಿಂತ ಅದರ ಬೆಲೆ ಜಾಸ್ತಿ. ನಮ್ಮ ಬಟ್ಟಲಿಗೆ ಮೂರು ವರ್ಷದ ನೆನಪು, ಡೈರಿಗೆ ನಲವತ್ತು ದಾಟಿದೆ.

ಆದರೆ ಟೈಪ್ ಮಾಡುವಾಗ ಹುಷಾರು. ಡೈರಿಯಲ್ಲಿ ‘2–35’ ಅಂದರೆ 2 ಇಂಚು 35 ಸೆಂಟು, 59.7 ಮಿ.ಮೀ. ಸರಿ. ‘2–5’ ಅಂದರೆ? ಮಗಳು 2.5 ಇಂಚು ಅಂತ ಹಾಕಿದಳು, 63.5 ಮಿ.ಮೀ. ಅದು 2 ಇಂಚು 5 ಸೆಂಟು, 52 ಮಿ.ಮೀ. ಇಂಥ ನಾಲ್ಕು ವರ್ಷದ ಪುಟಗಳನ್ನು ಮತ್ತೆ ತಿದ್ದಬೇಕಾಯಿತು.

ಇನ್ನೊಂದು ತೊಡಕು ತಾರೀಕಿನದು. ಮಾವ ಬೆಳಿಗ್ಗೆ 7ಕ್ಕೆ ಅಳೆದು ನಿನ್ನೆಯ ಪುಟದಲ್ಲಿ ಬರೆಯುತ್ತಾರೆ. ‘ನಿನ್ನೆ ಹೊಯ್ದ ಮಳೆ ನಿನ್ನೆಯದಲ್ಲವಾ?’ ಅನ್ನುವುದು ಅವರ ವಾದ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ, ಮಳೆ ಸೇರುವುದು ಅಳೆದ ದಿನದ ತಾರೀಕಿಗೆ. ನಮ್ಮ ಗ್ರಫಾನಾ ನಡುರಾತ್ರಿಯಿಂದ ನಡುರಾತ್ರಿಗೆ ಕೂಡುತ್ತಿತ್ತು. ಮೂರನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ! ನಾನು ಸೆನ್ಸರ್ ಕೆಟ್ಟಿದೆ ಅಂತ ಹೊಸದು ತರಿಸುವುದರಲ್ಲಿದ್ದೆ. ಈಗ ಎಲ್ಲವನ್ನೂ 8:30ಕ್ಕೆ ಕೂಡುತ್ತೇವೆ, ಡೈರಿಯ ತಾರೀಕನ್ನು ಒಂದು ದಿನ ಮುಂದಕ್ಕೆ ತಳ್ಳಿದ್ದೇವೆ. ನೀವು ಬೇರೆಯವರ ಡೇಟಾ ಸೇರಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ ಅಳೆದದ್ದು, ಯಾವ ತಾರೀಕಿಗೆ ಬರೆದದ್ದು, ಯಾವ ಅಳತೆಯಲ್ಲಿ.

ಇಷ್ಟಾದ ಮೇಲೆ ಕೆಲಸಕ್ಕೆ ಬಂದ ಒಂದು ಸಂಗತಿ ಹೇಳುತ್ತೇನೆ. ಎರಡು ಮಳೆಗಾಲದ ಕಾಲುಗಂಟೆ ಸಾಲುಗಳಲ್ಲಿ ‘ಬಟ್ಟಲು ಸತತ ಮೂರು ಗಂಟೆ ಮಗುಚದೆ ಇದ್ದದ್ದು ಯಾವಾಗ ಶುರುವಾಯಿತು’ ಅಂತ ಕೇಳಿದೆ. ನಾವು ಯಾವತ್ತೂ ಬೆಳಿಗ್ಗೆ ಏಳಕ್ಕೇ ಡ್ರಮ್ಮಿನಲ್ಲಿ ಸುಣ್ಣ ಕಲಸಿ ಕಾಯುತ್ತಿದ್ದೆವು. ನಮ್ಮ ತಗ್ಗಿನಲ್ಲಿ ಜುಲೈ ಹೊಳವು ಜಾಸ್ತಿ ಸಲ ಶುರುವಾದದ್ದು ಹನ್ನೊಂದರ ಮೇಲೆ. ಎರಡೇ ವರ್ಷದ ಲೆಕ್ಕ, ಆಣೆ ಮಾಡಿ ಹೇಳಲಾರೆ. ಆದರೆ ಈಗ ಮುನ್ಸೂಚನೆಯಲ್ಲಿ ಮಳೆ ಕಡಿಮೆ ಅಂತ ಬಂದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಹತ್ತೂವರೆಗೆ ಬನ್ನಿ ಅನ್ನುತ್ತೇವೆ. ಕಲಸಿಟ್ಟ ಬೋರ್ಡೋ ಹಾಳಾಗುವುದು ಕಡಿಮೆಯಾಗಿದೆ, ಅದನ್ನು ಕಲಸಿದ ದಿನವೇ ಹೊಡೆಯಬೇಕಲ್ಲ.

ಖರ್ಚು ಪೈ ಸೇರಿ ನನಗೆ ಸುಮಾರು 11 ಸಾವಿರ ಬಿತ್ತು, ಸಿಡಿಲಿಗೆ ಸುಟ್ಟ ಒಂದು ಬೋರ್ಡ್ ಬಿಟ್ಟು. ಗುಡುಗು ಶುರುವಾಗುವ ಮೊದಲೇ ಪೈನ ಪ್ಲಗ್ ಮತ್ತು ಆಂಟೆನಾದ ತಂತಿ ಎರಡನ್ನೂ ಕಿತ್ತಿಡಿ. ತೋಟದ ಬೋರ್ಡ್ ತಾನೇ ಕೂಡಿಟ್ಟುಕೊಂಡಿರುತ್ತದೆ. ಮೇ ಕೊನೆಯ ವಾರ ಆಲಿಕೆ ಬಿಚ್ಚಿ ತೊಳೆದು, ಬಾಯಿಗೆ ತಂತಿ ಬಲೆ ಕಟ್ಟಿ. ಪಕ್ಕದ ನೀರು ಹೋಗುವ ತೂತಿಗೂ ಸಣ್ಣ ಬಲೆ ಬೇಕು, ಕುಂಬಾರ ಹುಳ ಒಳಗೆ ಹೋಗುವುದು ಅಲ್ಲಿಂದಲೇ.