ಭಾನುವಾರದ ಬೆಳಗಿಗೆ ಹಕ್ಕಿ ನೋಡುವ ಹವ್ಯಾಸ

ಬೆಂಗಳೂರಿನಲ್ಲಿ ಮಾರ್ಚ್ ಬಂತೆಂದರೆ ಒಂಬತ್ತು ಗಂಟೆಯ ನಂತರ ಮೈದಾನದಲ್ಲಿ ಕ್ರಿಕೆಟ್ ಆಡುವುದು ಕಷ್ಟವಾದ್ದರಿಂದ, ನಾನು ಮತ್ತು ಗೆಳೆಯರು ಶನಿವಾರದ ಆಟವನ್ನು ಆರೂವರೆಗೇ ಆರಂಭಿಸಿ, ಭಾನುವಾರವನ್ನು ಹಕ್ಕಿ ನೋಡಲು ಮೀಸಲಿಟ್ಟಿದ್ದೇವೆ. ಹೊಂಗೆ ಚಿಗುರುವ ಈ ದಿನಗಳಲ್ಲಿ ಲಾಲ್‌ಬಾಗ್‌ನ 240 ಎಕರೆಯೇ ಹೊಸಬರಿಗೆ ಬೇಕಾದಷ್ಟಾಯಿತು.

ಬೈನಾಕ್ಯುಲರ್ ಕೊಳ್ಳುವವರು ಹೆಚ್ಚು ಹಿಗ್ಗಿಸುವುದೇ ಒಳ್ಳೆಯದೆಂದು ಭಾವಿಸಬಾರದು. ನಾನು ಮೊದಲು 10 ಪಟ್ಟಿನದನ್ನು ಕೊಂಡು, ಕೈ ನಡುಗಿದಾಗಲೆಲ್ಲ ಹಕ್ಕಿಯನ್ನು ಕಳೆದುಕೊಂಡು ಬೇಸತ್ತೆ. ಹೊಸಬರಿಗೆ ಒಗ್ಗುವುದು 8x42, ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲವಿರುವ ಉಪಕರಣ. ಮುಂಜಾವಿನ ಮಂದ ಬೆಳಕಿಗೂ ಅದು ಸಾಕಾಗುತ್ತದೆ. ಬಳಸುವ ಮುನ್ನ ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಚಿತ್ರವನ್ನು ಸ್ಪಷ್ಟಗೊಳಿಸಿ, ಬಳಿಕ ಎಡಗಣ್ಣು ಮುಚ್ಚಿ, ಹೆಚ್ಚಿನ ಮಾದರಿಗಳಲ್ಲಿ ಬಲಭಾಗದಲ್ಲಿರುವ ಸಣ್ಣ ಉಂಗುರವನ್ನು ತಿರುಗಿಸಿ ಹೊಂದಿಸಬೇಕು. ಇದನ್ನು ಮಾಡದೆ ತಲೆನೋವೆಂದು ದೂರುವವರೇ ಹೆಚ್ಚು (ನಮ್ಮ ವಿಕೆಟ್‌ಕೀಪರ್ ಕೂಡ ಅವರಲ್ಲೊಬ್ಬ).

ಹಕ್ಕಿಯನ್ನು ಕಂಡ ಕೂಡಲೇ ಅದರ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ಏರಿಸಿಕೊಳ್ಳಿ. ಟುಕ್‌ ಟುಕ್‌ ಎಂದು ಒಂದೇ ಸಮನೆ ಕೇಳಿಸಿದರೆ, ಎತ್ತರದ ಒಣ ರೆಂಬೆಯ ತುದಿಯನ್ನು ಹುಡುಕಿ: ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ಹಣೆಯಲ್ಲಿ ಕೆಂಪು ಬೊಟ್ಟಿಟ್ಟಂತಿರುವ ಹಸಿರು ಕಂಚುಕುಟಿಗ ಅಲ್ಲಿ ಕುಳಿತಿರುತ್ತದೆ. ಗೂಡು ಕಂಡರೆ ಮಾತ್ರ ಹತ್ತಿರ ಹೋಗಬೇಡಿ, ಅದರ ಚಿತ್ರವನ್ನು ಗುಂಪಿನಲ್ಲಿ ಹಂಚಲೂ ಬೇಡಿ.