ಲಿಥಿಯಂ ನುಂಗುವವರ ಆರೈಕೆ: ಎಡವಟ್ಟಾಗುವುದು ರಕ್ತ ಕೊಡುವ ದಿನ

ಬೈಪೋಲಾರ್ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ) ಇರುವವರು ಆಸ್ಪತ್ರೆಯಿಂದ ಮನೆಗೆ ಬರುವಾಗ ಚೀಟಿಯಲ್ಲಿ ಬಹಳ ಸಲ ಲಿಥಿಯಂ ಇರುತ್ತದೆ. ಹಳೆಯ ಮಾತ್ರೆ, ಒಳ್ಳೆಯ ಮಾತ್ರೆ. ಉನ್ಮಾದಕ್ಕೆ ಇದು ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲೇ ಬರೆದಿದ್ದರು. ತೊಡಕು ಒಂದೇ: ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ.

1. ಮಾತ್ರೆ ಕೊಡುವುದು. ದಿನಾ ಒಂದೇ ಹೊತ್ತಿಗೆ, ಊಟವಾದ ಮೇಲೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಪಾಯಸದಲ್ಲಿ ಪುಡಿ ಮಾಡಿ ಕದ್ದು ಹಾಕುವುದಂತೂ ಬೇಡವೇ ಬೇಡ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿದರೆ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಗೊತ್ತಾದ ದಿನ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ವಾರದ ಏಳು ಖಾನೆಯ ಅಗ್ಗದ ಪ್ಲಾಸ್ಟಿಕ್ ಡಬ್ಬಿ ನನಗೆ ಇಷ್ಟವಿಲ್ಲ. ಮುಚ್ಚಳ ಸಡಿಲ, ಬ್ಯಾಗಿನಲ್ಲಿ ಮಂಗಳವಾರದ್ದು ಬುಧವಾರಕ್ಕೆ ಸೇರಿಬಿಡುತ್ತದೆ. ಸ್ಟ್ರಿಪ್‌ನಲ್ಲೇ ಇರಲಿ, ಬೀಗದೊಳಗಿರಲಿ.

2. ರಕ್ತಪರೀಕ್ಷೆ. ಇದನ್ನು ಎರಡು ಸಲ ಓದಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ಅಳೆಯಲು ರಕ್ತ ತೆಗೆಯಬೇಕಾದದ್ದು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ. ಲ್ಯಾಬಿನವರು ‘ಖಾಲಿ ಹೊಟ್ಟೆನಾ?’ ಅಂತ ಕೇಳುತ್ತಾರೆ. ಜನ ಅದನ್ನೇ ಹಿಡಿದುಕೊಂಡು ತಿಂಡಿ ಬಿಡುತ್ತಾರೆ, ಮಾತ್ರೆ ಮಾತ್ರ ನುಂಗಿಸಿ ಕರೆತರುತ್ತಾರೆ! ಆಗಬೇಕಾದದ್ದು ಉಲ್ಟಾ. ಈ ಪರೀಕ್ಷೆಗೆ ಇಡ್ಲಿ ತಿಂದರೆ ಅಡ್ಡಿಯಿಲ್ಲ, ಬೆಳಗಿನ ಮಾತ್ರೆ ನುಂಗಬಾರದು. ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿಸಿ. ಇಲ್ಲದಿದ್ದರೆ ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಡಾಕ್ಟರ್ ಡೋಸ್ ಇಳಿಸುತ್ತಾರೆ, ಕಾಯಿಲೆ ಮತ್ತೆ ಕೆರಳಬಹುದು. ಕೊನೆಯ ಮಾತ್ರೆಯ ಹೊತ್ತನ್ನು ಲ್ಯಾಬಿನ ಚೀಟಿಯ ಮೇಲೇ ಬರೆಸಿ.

ಟ್ಯೂಬಿನ ಮುಚ್ಚಳವನ್ನೂ ನೋಡಿ. ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವುದು ಸಾಮಾನ್ಯವಾಗಿ ಲಿಥಿಯಂ ಹೆಪಾರಿನ್. ಅದರಲ್ಲೇ ಲಿಥಿಯಂ ಇದ್ದರೆ ಲೆಕ್ಕ ಸರಿ ಬರುತ್ತದಾ? ‘ಲಿಥಿಯಂ ಪರೀಕ್ಷೆ ಕಣ್ರೀ, ಬೇರೆ ಟ್ಯೂಬ್ ತಗೊಳ್ಳಿ’ ಅಂತ ಸಂಕೋಚವಿಲ್ಲದೆ ಹೇಳಿ. ಕಾಯಿಲೆ ಹತೋಟಿಯಲ್ಲಿರುವವರಿಗೆ ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ 0.6ರಿಂದ 1.0ರೊಳಗೆ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) ಇರಬೇಕು. 1.5 ದಾಟಿದರೆ ಅಪಾಯ. ವಯಸ್ಸಾದವರಿಗೆ ಅದಕ್ಕಿಂತ ಕಡಿಮೆಯಲ್ಲೂ ತೊಂದರೆಯಾಗಬಹುದು.

3. ಉಪ್ಪು, ನೀರು. ಇದ್ದಕ್ಕಿದ್ದಂತೆ ಉಪ್ಪು ಬಿಡಿಸಬೇಡಿ, ನೀರೂ ಕುಡಿಯದ ಏಕಾದಶಿ ಉಪವಾಸ ಮಾಡಿಸಬೇಡಿ. ಮೈಯಲ್ಲಿ ಉಪ್ಪು, ನೀರು ಇಳಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ವಾಂತಿ ಭೇದಿಯಾದ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳದೆ ಮಾತ್ರೆ ಕೊಡಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ತರಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಪ್ಯಾರಾಸಿಟಮಾಲ್ ಸಾಕು. ಕೆಲವು ಬಿಪಿ ಮಾತ್ರೆಗಳದ್ದೂ ಇದೇ ಕಥೆ. ಬಿಪಿ ಡಾಕ್ಟರಿಗೂ ಲಿಥಿಯಂ ವಿಷಯ ಹೇಳಿ.

ಬೆರಳು ಸಣ್ಣಗೆ ನಡುಗುವುದು, ಬಾಯಾರಿಕೆ ಎಷ್ಟೋ ಜನರಿಗೆ ಇರುತ್ತದೆ. ಲೋಟ ತುಳುಕುವಷ್ಟು ಕೈ ನಡುಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

4. ನಿದ್ದೆ ಬರೆದಿಡಿ. ಗೋಡೆಯ ಕ್ಯಾಲೆಂಡರ್ ಸಾಕು, ಆ್ಯಪ್ ಯಾಕೆ? ಮೂರು ಗಂಟೆ ಮಲಗಿಯೂ ಸುಸ್ತಿಲ್ಲದೆ ಓಡಾಡುತ್ತಿದ್ದರೆ ಉನ್ಮಾದ ಮರಳುತ್ತಿರಬಹುದು. ಆಗ ವಾದಕ್ಕಿಳಿಯಬೇಡಿ, ಡಾಕ್ಟರಿಗೆ ತಿಳಿಸಿ.

5. ಸಾವಿನ ಮಾತು ಬಂದರೆ. ನೇರವಾಗಿಯೇ ಕೇಳಿ, ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

6. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವುದು) ಪರೀಕ್ಷೆ ಮಾಡಿಸಿ. ರಿಪೋರ್ಟ್ ಮೊಬೈಲ್‌ಗೆ ಬಂದಿದ್ದರೂ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿ. ಈ ಸಲದ ಅಂಕಿಯನ್ನು ಹಿಂದಿನದರ ಪಕ್ಕದಲ್ಲಿಟ್ಟು ನೋಡಬೇಕು ಡಾಕ್ಟರಿಗೆ.